ರೀಬಿಲ್ಡ್ 61%ಕ್ಕೆ ನಿಲ್ತದೆ: ನ್ಯಾಸ್‌ಗೆ ಯಾವ ಹಾರ್ಡ್ ಡಿಸ್ಕ್ ತಗೊಳ್ಳುವುದು?

ಕಾಪು_ದೀಪ:
ಹಳೇ ಪಿಸಿಗೆ ಓಪನ್‌ಮೀಡಿಯಾವಾಲ್ಟ್ (ನ್ಯಾಸ್‌ಗೆಂದೇ ಇರುವ ಲಿನಕ್ಸ್) ಹಾಕಿದ ನ್ಯಾಸ್, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಎಲ್ಲರ ಫೈಲ್ ಇಡುವ ಪೆಟ್ಟಿಗೆ. 4 ಟಿಬಿಯ ಡೆಸ್ಕ್‌ಟಾಪ್ ಡಿಸ್ಕ್ ಎರಡು, ಎಂಡಿಎಡಿಎಮ್‌ನಲ್ಲಿ (ಲಿನಕ್ಸ್‌ನ ರೇಡ್ ಪ್ರೋಗ್ರಾಂ) ರೇಡ್ 1, ಅಂದರೆ ಎರಡರಲ್ಲೂ ಒಂದೇ ಡೇಟಾ. ಎರಡೂ ಒಂದೇ ಮಾಡೆಲ್. 2.1 ಟಿಬಿ ತುಂಬಿದೆ, ಹೆಚ್ಚಿನದ್ದು ಫೋಟೊ. ಎರಡನೇ ಡಿಸ್ಕ್ ಅರೇಯಿಂದ (ಈ ಜೋಡಿಯಿಂದ) ಹೊರಗೆ ಬಿತ್ತು. ವಾಪಸ್ ಸೇರಿಸಿದರೆ ರೀಬಿಲ್ಡ್ (ಒಂದನೇ ಡಿಸ್ಕ್‌ನಿಂದ ಅದಕ್ಕೆ ಮತ್ತೆ ನಕಲಾಗುವುದು) ಸೆಕೆಂಡಿಗೆ 120 ಎಂಬಿಯಲ್ಲಿ ಶುರುವಾಗ್ತದೆ, ಸ್ವಲ್ಪ ಹೊತ್ತಿಗೆ 10ಕ್ಕೆ ಇಳೀತದೆ, 61%ಕ್ಕೆ ಬಂದು ನಿಂತೇ ಹೋಗ್ತದೆ. ಎರಡು ಸಲವೂ ಅಲ್ಲಿಯೇ. ಎರಡನೇ ಡಿಸ್ಕ್ ಬಿಸಾಡಿ ಹೊಸತು ಹಾಕುವ ಅಂತ ಉಂಟು. ಯಾವುದು ಒಳ್ಳೆಯದು? ಸಿಸಿಟಿವಿ ಅಂಗಡಿಯವರು ಡಬ್ಲ್ಯುಡಿ ಪರ್ಪಲ್ ಡಿಸ್ಕ್ ಸಾಕು ಅಂತಾರೆ.

ಕುಡ್ಲದ_ವಯರ್:
ಬಿಸಾಡಬೇಡಿ ಮಾರಾಯ್ರೆ, ಸ್ವಲ್ಪ ನಿಲ್ಲಿ. ಎರಡೂ ಡಿಸ್ಕ್‌ನ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತಾನೇ ಇಡುವ ಆರೋಗ್ಯದ ಲೆಕ್ಕ) 5, 197, 198, 199 ಈ ನಾಲ್ಕು ಸಾಲಿನ ಕೊನೆಯ ಅಂಕಿ ಹಾಕಿ. ಟೆಂಪರೇಚರ್ ಕೂಡ. ರೀಬಿಲ್ಡ್ ಮತ್ತೊಮ್ಮೆ ಶುರು ಮಾಡಬೇಡಿ.

ಕಾಪು_ದೀಪ:
ಒಂದನೇದು, ಅಂದರೆ ಈಗ ಓಡ್ತಾ ಇರುವುದು: 5 ಸೊನ್ನೆ, 197 ಮತ್ತು 198 ಎರಡೂ 16, 199 ಸೊನ್ನೆ, 53 ಡಿಗ್ರಿ. ಹೊರಗೆ ಬಿದ್ದದ್ದು: ಮೊದಲ ಮೂರೂ ಸೊನ್ನೆ, 199 ಮಾತ್ರ 412, 51 ಡಿಗ್ರಿ. ಪಿಸಿ ಅಟ್ಟದಲ್ಲಿ ಉಂಟು.

ಕುಡ್ಲದ_ವಯರ್:
ನೀವು ಬಿಸಾಡಲಿಕ್ಕೆ ಹೊರಟದ್ದು ಸರಿಯಾಗಿರುವ ಡಿಸ್ಕ್. ಹಾಳಾದದ್ದು ಇನ್ನೊಂದು.

199 ಅಂದರೆ ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ. ಸಾಟಾ ಕೇಬಲ್ ಅಥವಾ ಅದರ ಕಾಂಟ್ಯಾಕ್ಟ್‌ನ ದೋಷ, ಡಿಸ್ಕ್‌ನ ತಟ್ಟೆಗೆ ಸಂಬಂಧ ಇಲ್ಲ. ಸಮುದ್ರದ ಪಕ್ಕದ ಊರಲ್ಲಿ ಉಪ್ಪು ಗಾಳಿಗೆ ಈ ಕಾಂಟ್ಯಾಕ್ಟ್ ಮಂಕಾಗುವುದು ಹೊಸ ಸಂಗತಿ ಅಲ್ಲ. ಲಾಕ್ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ, ಪೋರ್ಟ್ ಬದಲಿಸಿ, ಕನೆಕ್ಟರನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ (ಮೊಬೈಲ್ ರಿಪೇರಿಯವರಲ್ಲಿ ಸಿಗ್ತದೆ). 412 ಸೊನ್ನೆಗೆ ಇಳಿಯುವುದಿಲ್ಲ, ಅದು ಹಾಗೆಯೇ ಇರ್ತದೆ. 413 ಆಗದಿದ್ದರೆ ಸಾಕು.

ಒಂದನೇ ಡಿಸ್ಕ್‌ನ 197 ಅಂದರೆ ಓದಲಿಕ್ಕೆ ಆಗದೆ ಬಾಕಿ ಉಳಿದ ಸೆಕ್ಟರ್ (ಡೇಟಾ ಇಡುವ ಸಣ್ಣ ತುಂಡು ಜಾಗ). 198 ಅಂದರೆ ತಪಾಸಣೆಯಲ್ಲಿ ಓದಲಾಗದ್ದು, 5 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದದ್ದು. ಕೆಲವು ಡಿಸ್ಕ್ 512 ಬೈಟ್ ಲೆಕ್ಕದಲ್ಲಿ ಎಣಿಸ್ತದೆ, ಹಾಗಾಗಿ 16 ಅಂದರೆ 4ಕೆ (4096 ಬೈಟ್) ಸೆಕ್ಟರ್ ಎರಡೇ ಇರಬಹುದು. ಆದರೆ ರೀಬಿಲ್ಡ್ ನಿಲ್ಲಲಿಕ್ಕೆ ಎರಡು ಧಾರಾಳ ಸಾಕು. ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಸಿಕ್ಕಿದರೆ ಒಂದು ನಿಮಿಷಕ್ಕಿಂತಲೂ ಹೆಚ್ಚು ಹೊತ್ತು ಅದನ್ನೇ ಓದಲು ಹೆಣಗ್ತದೆ. ಲಿನಕ್ಸ್ ಕಾಯುವುದು 30 ಸೆಕೆಂಡ್. ಆಮೇಲೆ ಡಿಸ್ಕ್ ಸತ್ತಿದೆ ಅಂದುಕೊಂಡು ಲಿಂಕ್ ರಿಸೆಟ್ ಮಾಡ್ತದೆ. ನಿಮ್ಮ 61%ದ ಗುಟ್ಟು ಅದೇ.

ಶೂನ್ಯ_ಒಂದು:
ವೇಗ 10ಕ್ಕೆ ಇಳಿಯುವುದು ಬೇರೆ ಕಾಯಿಲೆ. ರೀಬಿಲ್ಡ್ ಆಗುವಾಗ ಫೋನಿನ ಫೋಟೊ ಅಪ್‌ಲೋಡ್ ಆನ್ ಇತ್ತಾ?

ಕಾಪು_ದೀಪ:
ಇತ್ತು. ಮನೆಯ ನಾಲ್ಕು ಫೋನೂ.

ಶೂನ್ಯ_ಒಂದು:
ಹಾಗಾದರೆ ಎಸ್‌ಎಮ್‌ಆರ್ ಡಿಸ್ಕ್. ಇದರಲ್ಲಿ ಬರೆಯುವ ಪಟ್ಟಿಗಳು ಮನೆಯ ಮಾಡಿನ ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರ್ತವೆ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಮೇಲಿನ ಸಾಲೂ ಎತ್ತಬೇಕಲ್ಲ, ಹಾಗೆ. ಒಂದೇ ಸಮ ಸಾಲಾಗಿ ಬರೆದರೆ ಸುಧಾರಿಸ್ತದೆ, ಎಂಡಿಎಡಿಎಮ್ ರೀಬಿಲ್ಡ್ ಅಂಥದ್ದೇ. ಮಧ್ಯೆ ಸಣ್ಣ ಸಣ್ಣ ಫೈಲ್ ನುಗ್ಗಿದರೆ ಡಿಸ್ಕ್‌ನ ಕ್ಯಾಶ್ ಜಾಗ ತುಂಬಿ ಕುಂಟಲಿಕ್ಕೆ ಶುರು. ಜೆಡ್‌ಎಫ್‌ಎಸ್‌ (ರೇಡ್ ಕೂಡ ತಾನೇ ನೋಡಿಕೊಳ್ಳುವ ಫೈಲ್‌ಸಿಸ್ಟಮ್) ಬಳಸುವವರಿಗೆ ಇನ್ನೂ ಕಷ್ಟ, ಅದು ರೀಬಿಲ್ಡ್ ಮಾಡುವಾಗಲೇ ಚದುರಿ ಬರೀತದೆ. ಅದಕ್ಕೆ ಎಸ್‌ಎಮ್‌ಆರ್ ಬೇಡವೇ ಬೇಡ.

ಕುಡ್ಲದ_ವಯರ್:
ಈಗ ಮಾಡಬೇಕಾದ್ದು. ಫೋಟೊ ಅಪ್‌ಲೋಡ್ ನಿಲ್ಲಿಸಿ, ಪಿಸಿ ಆಫ್ ಮಾಡಿ. ಹೊಸ 4 ಟಿಬಿ ಡಿಸ್ಕ್ ಬರುವವರೆಗೆ ಆನ್ ಮಾಡಬೇಡಿ.

ಡಿಸ್ಕ್ ಬಂದ ಮೇಲೆ ರೀಬಿಲ್ಡ್ ಬೇಡ, ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕ್‌ನಿಂದ ಓದಲಾದಷ್ಟನ್ನು ನಕಲು ಮಾಡುವ ಪ್ರೋಗ್ರಾಂ) ಬಳಸಿ. ಡೆಬಿಯನ್‌ನಲ್ಲಿ (ಓಪನ್‌ಮೀಡಿಯಾವಾಲ್ಟ್‌ನ ಬುಡದಲ್ಲಿರುವ ಲಿನಕ್ಸ್) ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ. ಅರೇ ಸ್ಟಾಪ್ ಮಾಡಿ, ಒಂದನೇ ಡಿಸ್ಕ್‌ನಿಂದ ಹೊಸದಕ್ಕೆ ಇಡೀ ಡಿಸ್ಕ್ ನಕಲು. ಮ್ಯಾಪ್‌ಫೈಲ್ (ಎಷ್ಟು ನಕಲಾಯಿತು, ಎಲ್ಲಿ ಬಾಕಿ ಎಂಬ ದಾಖಲೆ) ಇಡಲು ಮರೆಯಬೇಡಿ, ಅದು ಪೆನ್‌ಡ್ರೈವ್‌ನಲ್ಲಿರಲಿ. ಶುರು ಮಾಡುವ ಮೊದಲು ಲಿನಕ್ಸ್‌ನ ಸಿಸ್ ಫೋಲ್ಡರ್‌ನಲ್ಲಿ ಆ ಡಿಸ್ಕ್‌ನ ಟೈಮ್‌ಔಟ್ 30 ಇದ್ದದ್ದನ್ನು 180 ಮಾಡಿ, ರಿಸೆಟ್ ನಿಲ್ತದೆ.

ಓದಲಾಗದ ಜಾಗ ಉಳಿದರೆ ಅದೇ ಮ್ಯಾಪ್‌ಫೈಲ್ ಕೊಟ್ಟು ಎರಡನೇ ಡಿಸ್ಕ್‌ನಿಂದ ಮತ್ತೊಮ್ಮೆ ಓಡಿಸಿ, ಬಾಕಿ ಉಳಿದಷ್ಟನ್ನು ಮಾತ್ರ ತುಂಬಿಸ್ತದೆ. ರೇಡ್ 1ರಲ್ಲಿ ಎರಡೂ ಕಡೆ ಒಂದೇ ಜಾಗದಲ್ಲಿ ಒಂದೇ ಡೇಟಾ ಅಲ್ಲವಾ. ಆದರೆ ಮೊದಲು ಎಂಡಿಎಡಿಎಮ್‌ನ ಎಗ್ಸಾಮಿನ್‌ನಲ್ಲಿ ಎರಡರ ಡೇಟಾ ಆಫ್‌ಸೆಟ್ (ಡೇಟಾ ಶುರುವಾಗುವ ಜಾಗ), ಪಾರ್ಟಿಷನ್ ಶುರುವಾಗುವ ಸೆಕ್ಟರ್ ಒಂದೇ ಉಂಟಾ ನೋಡಿ. ಬೇರೆ ಇದ್ದರೆ ಈ ಉಪಾಯ ಬೇಡ, ಫೈಲ್‌ಸಿಸ್ಟಮ್ ಹಾಳಾಗ್ತದೆ. ಡಿಸ್ಕ್ ಹೊರಗೆ ಬಿದ್ದ ಮೇಲೆ ಆ ಸೆಕ್ಟರ್ ಬದಲಾಗಿದ್ದರೆ ಹಳೇ ಪ್ರತಿ ಸಿಗ್ತದೆ, ಅದೊಂದು ಗೊತ್ತಿರಲಿ. ಕಂಪನಿ ಯಾವುದಾದರೂ 4 ಟಿಬಿ ಅಂದರೆ 7,814,037,168 ಸೆಕ್ಟರ್ ಇರುವುದೇ ರೂಢಿ, ಜಾಗ ಸಾಲದೆ ಬರುವುದಿಲ್ಲ.

ನಕಲು ಮುಗಿದ ಮೇಲೆ ಒಂದನೇ ಡಿಸ್ಕ್ ತೆಗೆದಿಡಿ. ನಕಲೂ ಮೂಲವೂ ಒಟ್ಟಿಗೆ ಬೂಟ್ ಆಗಬಾರದು, ಎರಡರ ಯುಯುಐಡಿ (ಗುರುತಿನ ನಂಬರ್) ಒಂದೇ. ಮತ್ತೆ ಎಫ್‌ಎಸ್‌ಸಿಕೆ, ಅಂದರೆ ಫೈಲ್‌ಸಿಸ್ಟಮ್ ತಪಾಸಣೆ.

ಪಡುಬಿದ್ರಿ_ಪೆಡಲ್:
7200 ಆರ್‌ಪಿಎಮ್‌ನದ್ದೇ ತಗೊಳ್ಳಿ, ಬೇಗ ಆಗ್ತದೆ.

ಶೂನ್ಯ_ಒಂದು:
ಆಗುವುದಿಲ್ಲ. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಸಿಗುವುದೇ 110–115 ಎಂಬಿ. ಈಗಿನ 5400 ಡಿಸ್ಕ್ ಹೊರ ಅಂಚಿನಲ್ಲಿ ಅದಕ್ಕಿಂತ ಹೆಚ್ಚು ಕೊಡ್ತದೆ. ಜಾಸ್ತಿ ಸಿಗುವುದು ಬಿಸಿ ಮತ್ತು ಸದ್ದು. ಅಟ್ಟದಲ್ಲಿ ಈಗಲೇ 53 ಡಿಗ್ರಿ ಉಂಟು!

ನೋಡಬೇಕಾದ್ದು ಎರಡೇ: ಸಿಎಮ್‌ಆರ್ (ಪಟ್ಟಿಗಳು ಒಂದರ ಮೇಲೊಂದು ಕೂರದ ಡಿಸ್ಕ್) ಆಗಿರಬೇಕು, ಕೆಟ್ಟ ಸೆಕ್ಟರ್ ಸಿಕ್ಕಿದರೆ ಸುಮಾರು 7 ಸೆಕೆಂಡಿಗೆ ಕೈಬಿಡಬೇಕು. ಸೀಗೇಟ್ ಐರನ್‌ವುಲ್ಫ್, ಡಬ್ಲ್ಯುಡಿ ರೆಡ್ ಪ್ಲಸ್ ಎರಡಕ್ಕೂ ಎರಡೂ ಉಂಟು, ವಾರಂಟಿ 3 ವರ್ಷ. ಪ್ರೊ ಮಾಡೆಲ್‌ಗೆ 5 ವರ್ಷ, ಮನೆಗೆ ಬೇಕೆಂದಿಲ್ಲ. ‘ಪ್ಲಸ್’ ಅಥವಾ ‘ಪ್ರೊ’ ಇಲ್ಲದ ಬರೀ ‘ರೆಡ್’ ಬೇಡ: 2ರಿಂದ 6 ಟಿಬಿವರೆಗಿನ, ಮಾಡೆಲ್ ನಂಬರ್ ಇಎಫ್‌ಎಎಕ್ಸ್ ಎಂದು ಮುಗಿಯುವವು ಎಸ್‌ಎಮ್‌ಆರ್, ಕಂಪನಿಯೇ 2020ರಲ್ಲಿ ಒಪ್ಪಿಕೊಂಡದ್ದು. ಅಂಗಡಿಯಲ್ಲಿ ಹೆಸರು ಕೇಳಿ ಪ್ರಯೋಜನ ಇಲ್ಲ, ಡಿಸ್ಕ್ ಮೇಲಿನ ಮಾಡೆಲ್ ನಂಬರ್ ಓದಿ ಕಂಪನಿಯ ಡೇಟಾಶೀಟ್ ನೋಡಿ. ಎಚ್‌ಡಿಪಾರ್ಮ್ (ಡಿಸ್ಕ್‌ನ ವಿವರ ತೋರಿಸುವ ಲಿನಕ್ಸ್ ಕಮಾಂಡ್) ವರದಿಯಲ್ಲಿ ತಿರುಗುವ ಡಿಸ್ಕ್‌ಗೆ ‘ಟ್ರಿಮ್’ (ಅಳಿಸಿದ ಜಾಗ ಯಾವುದೆಂದು ಡಿಸ್ಕ್‌ಗೆ ತಿಳಿಸುವ ಸೌಲಭ್ಯ) ಬೆಂಬಲ ಕಂಡರೆ ಎಸ್‌ಎಮ್‌ಆರ್ ಅಂತ ತಿಳೀರಿ. ಕಾಣದಿದ್ದರೆ ಸಿಎಮ್‌ಆರ್ ಅಂತ ಅಲ್ಲ.

ಪರ್ಪಲ್ ಕೆಲಸ ಮಾಡ್ತದೆ, ಕೆಡುಕೇನಿಲ್ಲ. ಆದರೆ ಅದನ್ನು ಮಾಡಿದ್ದು ಕ್ಯಾಮೆರಾದ ನಿರಂತರ ಬರಹಕ್ಕೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಯಾಕೆ?

ಕುಡ್ಲದ_ವಯರ್:
ಸೇರಿಸುತ್ತೇನೆ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ, ಬೇರೆ ದೇಶದ ಸರಕಾದರೆ ಅಲ್ಲಿಯೇ ಗೊತ್ತಾಗ್ತದೆ. ಸೀಗೇಟ್ ಆದರೆ ಸ್ಮಾರ್ಟ್‌ಮಾನ್‌ಟೂಲ್ಸ್ (ಸ್ಮಾರ್ಟ್ ಓದುವ ಪ್ರೋಗ್ರಾಂ) 7.4ರಲ್ಲಿ ಫಾರ್ಮ್ ಲಾಗ್ (ಡಿಸ್ಕ್ ಬೇರೆಯಾಗಿ ಇಡುವ ಬಳಕೆಯ ದಾಖಲೆ) ಕೂಡ ಓದಬಹುದು. ಸ್ಮಾರ್ಟ್‌ನಲ್ಲಿ ಡಿಸ್ಕ್ ಓಡಿದ ಗಂಟೆಗಳ ಲೆಕ್ಕ ಸೊನ್ನೆಗೆ ತಿರುಗಿಸಿ ಹಳೇ ಡಿಸ್ಕನ್ನು ಹೊಸತೆಂದು ಮಾರಿದ್ದು 2025ರಲ್ಲಿ ಸಿಕ್ಕಿಬಿದ್ದದ್ದು ಈ ಲಾಗ್‌ನಿಂದಲೇ.

ನಕಲು ಹಾಕುವ ಮೊದಲು ಬ್ಯಾಡ್‌ಬ್ಲಾಕ್ಸ್ ಬರೆಯುವ ಪರೀಕ್ಷೆ, ಬ್ಲಾಕ್ ಗಾತ್ರ 4096. ನಾಲ್ಕು ಮಾದರಿ, ಒಂದೊಂದನ್ನೂ ಬರೆದು ಓದ್ತದೆ, 4 ಟಿಬಿಗೆ ಎರಡೂವರೆಯಿಂದ ಮೂರು ದಿನ. ಡಿಸ್ಕ್‌ನಲ್ಲಿದ್ದದ್ದೆಲ್ಲ ಅಳಿಸಿ ಹೋಗ್ತದೆ, ಡಿಸ್ಕ್ ಹೆಸರು ಎರಡು ಸಲ ಓದಿ ಎಂಟರ್ ಒತ್ತಿ. ಆಮೇಲೆ ಸ್ಮಾರ್ಟ್ ಲಾಂಗ್ ಟೆಸ್ಟ್. ಅಷ್ಟಾದ ಮೇಲೆ 5, 197, 198 ಸೊನ್ನೆ ಇರಲೇಬೇಕು. ಒಂದಿದ್ದರೂ ವಾಪಸ್ ಕೊಡಿ.

ಮತ್ತೆ ಅಟ್ಟದಿಂದ ಕೆಳಗೆ ಇಳಿಸಿ ಮಾರಾಯ್ರೆ. 45ರ ಒಳಗೆ ಇರಬೇಕು. ಇನ್ವರ್ಟರ್ ಉಂಟೆಂದು ನಂಬಿ ಕೂರಬೇಡಿ, ಯುಪಿಎಸ್ ಮೋಡ್‌ನಲ್ಲಿ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಪಿಸಿ ರೀಸ್ಟಾರ್ಟ್ ಆಗ್ತದೆ. ಯುಎಸ್‌ಬಿ ಇರುವ 600 ವಿಎ ಯುಪಿಎಸ್ ಹಾಕಿದರೆ ನಟ್ ಪ್ಲಗಿನ್ (ಯುಪಿಎಸ್ ಮೇಲೆ ಕಣ್ಣಿಡುವ ಪ್ರೋಗ್ರಾಂ) ತಾನಾಗಿ ಶಟ್‌ಡೌನ್ ಮಾಡ್ತದೆ. ಅಗ್ಗದ ಮಾಡೆಲ್‌ಗಳಿಗೆ ಯುಎಸ್‌ಬಿ ಇರುವುದಿಲ್ಲ, ಕೇಳಿ ತಗೊಳ್ಳಿ. ಸಿಡಿಲು ಬರುವಾಗ ಪ್ಲಗ್ ಮಾತ್ರ ಅಲ್ಲ, ಲ್ಯಾನ್ ಕೇಬಲ್ ಕೂಡ ಎಳೆಯಿರಿ.

ಕಾಪು_ದೀಪ:
4 ಟಿಬಿ ರೆಡ್ ಪ್ಲಸ್ ಎರಡು ತಗೊಂಡೆ, ಬೇರೆ ಬೇರೆ ಅಂಗಡಿಯಿಂದ. ಡಿಡಿರೆಸ್ಕ್ಯೂ ಮೊದಲ ಓಟದಲ್ಲಿ 8192 ಬೈಟ್ ಬಾಕಿ ಉಳಿಯಿತು. ಆಫ್‌ಸೆಟ್ ಎರಡರಲ್ಲೂ ಒಂದೇ ಇತ್ತು, ಎರಡನೇ ಡಿಸ್ಕ್‌ನಿಂದ ಅದೂ ತುಂಬಿತು. ಎಫ್‌ಎಸ್‌ಸಿಕೆ ತಕರಾರು ಇಲ್ಲ. ಎರಡನೇ ರೆಡ್ ಪ್ಲಸ್ ಸೇರಿಸಿ ರೀಬಿಲ್ಡ್ 8 ಗಂಟೆಗೆ ಮುಗಿಯಿತು, ಈಗ 41 ಡಿಗ್ರಿ. ಹಳೇ ಡಿಸ್ಕ್ ಎರಡನ್ನು ಎಂತ ಮಾಡುವುದು?

ಕುಡ್ಲದ_ವಯರ್:
197 ಬಂದದ್ದು ಗುಜರಿಗೆ. 199ರದ್ದಕ್ಕೆ ಹೊಸ ಕೇಬಲ್ ಹಾಕಿ ಪೂರ್ತಿ ಬರೆದು ನೋಡಿ, 412 ಅಲ್ಲೇ ನಿಂತರೆ ಯುಎಸ್‌ಬಿ ಡಾಕ್‌ಗೆ ಹಾಕಿ ತಿಂಗಳಿಗೊಮ್ಮೆ ಬ್ಯಾಕಪ್ ತೆಗೆಯಿರಿ. ಆ ಕೆಲಸಕ್ಕೆ ಎಸ್‌ಎಮ್‌ಆರ್ ಸಾಕು. ರೇಡ್ 1 ಬ್ಯಾಕಪ್ ಅಲ್ಲ, ತಪ್ಪಿ ಅಳಿಸಿದ ಫೋಟೊ ಎರಡೂ ಡಿಸ್ಕ್‌ನಲ್ಲಿ ಒಟ್ಟಿಗೇ ಹೋಗ್ತದೆ. ಬ್ಯಾಕಪ್ ಆದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಮಳೆಗಾಲ ಮುಗಿಯುವಷ್ಟರಲ್ಲಿ ಪೊಟ್ಟಣ ಒಮ್ಮೆ ಬದಲಿಸಬೇಕಾದೀತು.