ಲೈಟ್‌ಸೇಬರ್ ಹಿಡಿಕೆಗೆ ಯಾವ ಪಟ್ಟಿ ಸರಿ?

ಪ್ರಶ್ನೆ: ಸರ್, ನಮಸ್ಕಾರ. ನಾನು ಧಾರವಾಡದವನು. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ನಾಯಕ ಲ್ಯೂಕ್ ಹಿಡಿಯುವ ಲೈಟ್‌ಸೇಬರ್‌ನ, ಅಂದರೆ ಬೆಳಕಿನ ಅಲಗಿನ ಖಡ್ಗದ, ಪ್ರತಿಕೃತಿ ಮಾಡುತ್ತಿದ್ದೇನೆ. ಕೊಳವೆಯನ್ನು ಲೇತ್‌ನಲ್ಲಿ ಮಾಡಿಸಿ ನಿಕ್ಕಲ್ ಲೇಪನವನ್ನೂ ಹಾಕಿಸಿದ್ದಾಗಿದೆ. ಹಿಡಿಕೆಗೆ ಅಲ್ಯೂಮಿನಿಯಂ ಕಿಟಕಿಯ ರಬ್ಬರ್ ಬೀಡಿಂಗ್ ಅಂಟಿಸಿದೆ. ಎರಡೇ ವಾರದಲ್ಲಿ ತುದಿಗಳು ಎದ್ದವು, ನೋಟವೂ ಮೂಲದಂತಿಲ್ಲ.

ಉತ್ತರ: ನಮಸ್ಕಾರ. ಮೂಲದಲ್ಲಿ ಅದು ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾ ಫ್ಲ್ಯಾಶಿನ ಹಿಡಿ; ಆ ಚಿತ್ರದ ಸೆಟ್ ಅಲಂಕಾರ ನೋಡಿಕೊಂಡಿದ್ದ ರೋಜರ್ ಕ್ರಿಶ್ಚಿಯನ್ ಅದರ ಮೇಲೆ ‘ಟಿ’ ಆಕಾರದ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಕತ್ತರಿಸಿ ಅಂಟಿಸಿದರು. ಅಂದರೆ ನೀವು ಹುಡುಕಬೇಕಾದದ್ದು ಮೆತ್ತನೆಯ ರಬ್ಬರ್ ಅಲ್ಲ, ಅಂಚು ಚೂಪಾಗಿ ನಿಲ್ಲುವ ಗಟ್ಟಿ ಪ್ಲಾಸ್ಟಿಕ್. ಬೀಡಿಂಗ್ ಕತ್ತರಿಸುವಾಗಲೇ ಒತ್ತಡಕ್ಕೆ ಬಾಗಿ ಅಂಚು ಉರುಟಾಗುತ್ತದೆ, ಹೀಗಾಗಿ ಫೋಟೊದಲ್ಲಿ ಕಾಣುವ ಆ ನೇರ ಗೆರೆ ಬರುವುದೇ ಇಲ್ಲ. ನಿಮ್ಮ ಕೆಲಸ ಸೋತದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಗಟ್ಟಿ ಪಿವಿಸಿ ಪಟ್ಟಿ ಸಿಕ್ಕರೆ ಒಳ್ಳೆಯದು. ಪೀಠೋಪಕರಣ ಹಾಗೂ ಪ್ಲೈವುಡ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ, ಆದರೆ ಅಳತೆಯನ್ನು ಕಣ್ಣಂದಾಜಿಗೆ ಬಿಡದೆ ವರ್ನಿಯರ್‌ನಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಪಿವಿಸಿ ಎಂದು ಗುರುತಿಸುವುದು ಹೇಗೆ, ಸರ್?

ಉತ್ತರ: ಒಂದು ತುಂಡನ್ನು ನೀರಿನ ಬಟ್ಟಲಿಗೆ ಹಾಕಿ, ಗುಳ್ಳೆ ಅಂಟಿಕೊಳ್ಳದಂತೆ ಬೆರಳಿನಿಂದ ಮುಳುಗಿಸಿ ಬಿಡಿ. ತೇಲಿದರೆ ಅದು ಬಹುತೇಕ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್. ಇವೆರಡಕ್ಕೂ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಅಂಥದ್ದನ್ನು ಬಿಟ್ಟುಬಿಡಿ. ಮುಳುಗಿದ ಮಾತ್ರಕ್ಕೆ ಪಿವಿಸಿ ಎನ್ನಲಾಗದು, ಆದ್ದರಿಂದ ಉಗುರಿನಿಂದ ಒತ್ತಿ ಗಡಸನ್ನೂ ನೋಡಿ. ಮೆತ್ತನೆಯ ಪಿವಿಸಿ ಬೇಡ. ಅದರಲ್ಲಿ ಬೆರೆಸಿರುವ ಎಣ್ಣೆಯಂಥ ಮೆದುಕಾರಕ ಮೆಲ್ಲಗೆ ಹೊರಬಂದು ಅಂಟನ್ನು ಸಡಿಲಿಸುತ್ತದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ.

ಅಂಟಿಸುವ ಮುನ್ನ ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ಸುತ್ತಳತೆಗೆ ಕತ್ತರಿಸಿ, ಸಮಭಾಗಗಳಾಗಿ ಗುರುತು ಹಾಕಿ. ನಿಕ್ಕಲ್ ಮೇಲೆ ಪಟ್ಟಿ ಕೂರುವಷ್ಟೇ ಜಾಗವನ್ನು ಉಪ್ಪುಕಾಗದದಿಂದ ಒರಟು ಮಾಡಿ, ಜಿಡ್ಡು ಒರೆಸಿ. ಸೂಪರ್ ಗ್ಲೂ ಹೆಚ್ಚಾದರೆ ಅದರ ಆವಿ ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ತೆಳುವಾಗಿ ಹಚ್ಚಿ, ಗಾಳಿಯಾಡುವ ಕಡೆ ಒಂದು ದಿನ ಬಿಟ್ಟ ಮೇಲೆಯೇ ಗಾಜಿನ ಪೆಟ್ಟಿಗೆಯಲ್ಲಿ ಇಡಿ.