ಪದಚರ್ಚೆ: ‘ಅಟ್ಮಾಸ್ಫೆರಿಕ್’ ಸಂಗೀತಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ಸಿಗದೆ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ನಿಘಂಟು ನೋಡಿ ಆಯಿತು, ಮನೆಯವರನ್ನು ಕೇಳಿ ಆಯಿತು. ಇನ್ನು ನೀವೇ ಗತಿ.

ಶುರುವಾಗಿದ್ದು ಹೀಗೆ. ಹೊನ್ನಾವರದ ಕಡೆಯ ನಮ್ಮ ಸೋದರಮಾವ ಬೆಂಗಳೂರಿಗೆ ಬಂದಿದ್ದರು. ಆಟದ ಹುಚ್ಚಿನ ಮನುಷ್ಯ, ಅಂದರೆ ಯಕ್ಷಗಾನದ ಹುಚ್ಚು. ಊಟ ಆದಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ‘ಎಂತ ಕೇಳ್ತಿದ್ದೆ?’ ಅಂದರು. ‘ಐಸ್‌ಲ್ಯಾಂಡಿನ ಒಂದು ಬ್ಯಾಂಡು ಮಾವ, ಸಿಗುರ್ ರೋಸ್ ಅಂತ.’ ‘ಯಾವ ನಮೂನೆ ಸಂಗೀತ?’ ‘ಪೋಸ್ಟ್ ರಾಕ್.’ ‘ಪೋಸ್ಟಾಫೀಸಿಂದಾ?’ ಅಂತ ನಕ್ಕರು. ‘ಹಾಗಲ್ಲ, ಒಂಥರಾ ಅಟ್ಮಾಸ್ಫೆರಿಕ್ ಆಗಿ…’ ಅಂದೆ. ಅಲ್ಲಿಗೆ ನನ್ನ ಕನ್ನಡ ನಿಂತುಹೋಯಿತು. ದಿನವಿಡೀ ಕನ್ನಡದಲ್ಲೇ ಬರೆಯುವವನು ನಾನು. ನಾಚಿಕೆ ಆಯಿತು.

ನಿಘಂಟಿನ ಪ್ರಕಾರ ಅಟ್ಮಾಸ್ಫಿಯರ್ ಅಂದರೆ ವಾತಾವರಣ. ಸರಿ. ಹಬ್ಬದ ವಾತಾವರಣ, ಆಫೀಸಿನ ವಾತಾವರಣ ಅಂತ ನಾವೂ ಅನ್ನುತ್ತೇವೆ. ಆದರೆ ‘ವಾತಾವರಣದ ಸಂಗೀತ’ ಅಂದು ನೋಡಿ. ಕರಾವಳಿಯಲ್ಲಿ ಗುಡುಗು ಸಹಿತ ಮಳೆ, ಮೀನುಗಾರರಿಗೆ ಎಚ್ಚರಿಕೆ, ಆಮೇಲೆ ಒಂದು ಹಾಡು! ‘ವಾತಾವರಣೀಯ’ ಅಂತ ಮಾಡಿದರೆ ಇನ್ನೂ ಕಷ್ಟ. ಅದರಲ್ಲಿ ಮಂಡಿ ಹಿಡಿಯೋ ವಾತ ಮೊದಲು ಕೇಳಿಸುತ್ತೆ. ‘ಪರಿಸರ ಸಂಗೀತ’ ಅಂದರೆ ಗಿಡ ನೆಡೋ ಕಾರ್ಯಕ್ರಮದ ಹಾಡಾಗುತ್ತೆ.

ಮೊದಲು ಸಂಗೀತ ಹೇಗಿದೆ ಅಂತ ಹೇಳುತ್ತೇನೆ. ಪದ ಅಲ್ಲಿಂದಲೇ ಬರಬೇಕು.

ನಾನು ಸಿಗುರ್ ರೋಸ್‌ಗೆ ಸಿಕ್ಕಿಬಿದ್ದಿದ್ದು ಬಿಬಿಸಿಯ 2006ರ ‘ಪ್ಲಾನೆಟ್ ಅರ್ಥ್’ ಸರಣಿಯ ಟ್ರೈಲರ್‌ನಿಂದ. ಅದರಲ್ಲಿ ಅವರ ‘ಹೊಪ್ಪಿಪೊಟ್ಲ’ ಇತ್ತು. ಹಾಗಂದರೆ ನೀರುಗುಂಡಿಗೆ ಹಾರೋದು. ಮಳೆ ನಿಂತ ಮೇಲೆ ಮಕ್ಕಳು ಚಪಕ್ ಚಪಕ್ ಅಂತ ಹಾರ್ತಾರಲ್ಲ, ಅದೇ. ಬ್ಯಾಂಡು ಹುಟ್ಟಿದ್ದು 1994ರಲ್ಲಿ, ರೇಕ್ಯವಿಕ್‌ನಲ್ಲಿ. ಹಾಡುಗಾರ ಯೋನ್ಸಿಯ ಪುಟ್ಟ ತಂಗಿಯ ಹೆಸರು ಸಿಗುರ್‌ರೋಸ್. ಅದನ್ನೇ ಎರಡಾಗಿ ಒಡೆದು ಬ್ಯಾಂಡಿಗೆ ಇಟ್ಟರು. ಸಿಗುರ್ ಅಂದರೆ ಗೆಲುವು, ರೋಸ್ ಅಂದರೆ ಗುಲಾಬಿ. ಅವರು ಹೆಸರು ಮಾಡಿದ್ದು 1999ರ ಎರಡನೇ ಆಲ್ಬಮ್ಮಿನಿಂದ. ‘ಪರವಾಗಿಲ್ಲ ಅನ್ನೋ ಶುರು’ ಅನ್ನೋ ಅರ್ಥದ ಹೆಸರು ಅದರದು. ಅದರ ಮೊದಲ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಡಿದ ಹುಬ್ಬಳ್ಳಿ ಗೆಳೆಯನೊಬ್ಬ ‘ಆಗೈತಿ’ ಅಂತ ಓದಿದ. ನಿಜವಾದ ಉಚ್ಚಾರ ‘ಔಗಾಯ್ತಿಸ್’ ಅನ್ನೋದಕ್ಕೆ ಹತ್ತಿರ. ನನಗೆ ಮಾತ್ರ ಈಗ ಬೇರೆ ತರ ಕೇಳಿಸೋದೇ ಇಲ್ಲ.

ಯೋನ್ಸಿ ಗಿಟಾರನ್ನು ಮೀಟುವುದು ಕಮ್ಮಿ. ಸೆಲ್ಲೋ ಕಮಾನು ತಗೊಂಡು ಪಿಟೀಲು ಕುಯ್ದ ಹಾಗೆ ಕುಯ್ಯುತ್ತಾನೆ. ಮೀಟಿದರೆ ಸ್ವರಕ್ಕೆ ಒಂದು ಶುರು ಇರುತ್ತೆ, ‘ಟಿಂಗ್’ ಅಂತ. ಕುಯ್ದರೆ ಆ ಟಿಂಗ್ ಇರೋದಿಲ್ಲ. ಸ್ವರ ಯಾವಾಗ ಬಂತು ಅಂತಲೇ ಗೊತ್ತಾಗದ ಹಾಗೆ ಬಂದಿರುತ್ತೆ. ಅದರ ಮೇಲೆ ಬೇಕಾದಷ್ಟು ರಿವರ್ಬ್, ಅಂದರೆ ಖಾಲಿ ಕೋಣೆಯಲ್ಲಿ ಸದ್ದು ತಕ್ಷಣ ನಿಲ್ಲದೆ ಉಳಿಯುತ್ತಲ್ಲ, ಅದು. (ಇದಕ್ಕೂ ಪದ ಬೇಕು, ಆಮೇಲೆ ಬರುತ್ತೇನೆ.) ಹಾಗಾಗಿ ಹಾಡು ಎದುರಿಗೆ ನಿಂತು ಹಾಡಿದಂತೆ ಇರೋದಿಲ್ಲ. ಸುತ್ತಮುತ್ತ ಇರುತ್ತೆ.

ಇಲ್ಲಿಗೆ ಬಂದಾಗ ನನಗೊಂದು ಕ್ರಿಯಾಪದ ಹೊಳೆಯಿತು: ಕವಿ. ಮೋಡ ಕವಿಯಿತು, ಮಂಜು ಕವಿಯಿತು, ಮಂಪರು ಕವಿಯಿತು ಅಂತೀವಲ್ಲ, ಆ ಕವಿ. ಮಂಜು ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗೋದಿಲ್ಲ. ನೋಡೋ ಹೊತ್ತಿಗೆ ಎದುರುಮನೆ ಕಾಣುತ್ತಿರುವುದಿಲ್ಲ. ಈ ಸಂಗೀತ ಮಾಡೋದೂ ಅದನ್ನೇ.

ಕುತೂಹಲಕ್ಕೆ ಮೂಲ ನೋಡಿದೆ. ಗ್ರೀಕಿನಲ್ಲಿ ‘ಅಟ್ಮೋಸ್’ ಅಂದರೆ ಆವಿ. ನಮ್ಮ ‘ವಾತಾವರಣ’ ಬಿಡಿಸಿದರೆ ವಾತ ಮತ್ತು ಆವರಣ. ಆವರಣ ಅಂದರೆ ಮುಚ್ಚಿಕೊಂಡಿರೋದು, ಸುತ್ತಿಕೊಂಡಿರೋದು. ಅಂದರೆ ಆ ಪದದ ಹೊಟ್ಟೆಯಲ್ಲೇ ‘ಆವರಿಸು’ ಇದೆ. ನಾವು ನಾಮಪದ ಹಿಡಿದುಕೊಂಡು ಎಳೆದಾಡುತ್ತಿದ್ದೆವು, ಕ್ರಿಯಾಪದ ಪಾಪ ಒಳಗೆ ಸುಮ್ನೆ ಕೂತಿತ್ತು.

ಇನ್ನೊಂದು ತಮಾಷೆ ಕೇಳಿ. ಸಿಗುರ್ ರೋಸ್‌ನ 2002ರ ಆಲ್ಬಮ್ಮಿಗೆ ಅಕ್ಷರದ ಹೆಸರೇ ಇಲ್ಲ. ಬರೀ ಎರಡು ಕಂಸ, ನಡುವೆ ಖಾಲಿ. ಎಂಟು ಹಾಡು, ಅವಕ್ಕೂ ಹೆಸರಿಲ್ಲ. ನಾಲ್ಕನೆಯದು ಮುಗಿದು ಐದನೆಯದು ಶುರುವಾಗೋ ಮುಂಚೆ 36 ಸೆಕೆಂಡು ಮೌನ. ಜೊತೆಗೆ ಕೊಟ್ಟ ಪುಸ್ತಕದ ಹಾಳೆಗಳೂ ಖಾಲಿ, ಸಾಹಿತ್ಯ ಕೇಳಿದವರೇ ಬರೆದುಕೊಳ್ಳಲಿ ಅಂತ. ಇಂಗ್ಲಿಷಿನಲ್ಲಿ ಮಾತಾಡುವಾಗ ಈ ಆಲ್ಬಮ್ಮನ್ನು ಹೇಗೆ ಕರೆಯೋದು ಅಂತ ಜನ ತಡವರಿಸುತ್ತಾರೆ. ಕನ್ನಡದಲ್ಲಿ ಕಷ್ಟವೇ ಇಲ್ಲ ನೋಡಿ. ಶಾಲೆಯಲ್ಲಿ ಆ ಚಿಹ್ನೆಗೆ ಏನು ಹೇಳಿಕೊಟ್ಟಿದ್ದರು? ಆವರಣ ಚಿಹ್ನೆ!

ಮಾವನಿಗೆ ಹಾಕಿದ್ದು ಅದೇ ಆಲ್ಬಮ್ಮಿನ ಕೊನೆಯ ಹಾಡು. ಸುಮಾರು 12 ನಿಮಿಷ. ಬ್ಯಾಂಡಿನವರು ಅದನ್ನು ‘ಪಾಪ್ ಹಾಡು’ ಅಂತ ತಮಾಷೆಗೆ ಕರೆಯುತ್ತಾರೆ, ಹಾಗೆ ಕರೆಯೋಕೆ ಅದರಲ್ಲಿ ಏನೂ ಇಲ್ಲ. ಮೂರು ನಿಮಿಷ ಆದಮೇಲೆ ಮಾವ ಒಂದು ಕಿವಿಯ ಹೆಡ್‌ಫೋನ್ ಎತ್ತಿ ‘ಪದ ಯಾವಾಗ ಶುರು?’ ಅಂದರು. ಆಗಲೇ ಶುರುವಾಗಿದೆ ಅಂದೆ. ‘ಯಾವ ಭಾಷೆ?’ ಯಾವ ಭಾಷೆಯೂ ಅಲ್ಲ. ಈ ಆಲ್ಬಮ್ ಪೂರ್ತಿ ‘ವೋನ್ಲೆನ್ಸ್ಕ’ದಲ್ಲಿದೆ. ವೋನ್ ಅಂದರೆ ಐಸ್‌ಲ್ಯಾಂಡಿಕ್‌ನಲ್ಲಿ ಭರವಸೆ. ಅವರ ಹಾಡೊಂದರ ಹೆಸರೂ ಅದೇ, ಮಾತಿಲ್ಲದೆ ಹಾಡೋ ಈ ರೀತಿಗೆ ಹೆಸರು ಬಂದಿದ್ದು ಅಲ್ಲಿಂದ. ಇದಕ್ಕೆ ವ್ಯಾಕರಣ ಇಲ್ಲ, ಅರ್ಥ ಇಲ್ಲ, ಬಾಯಿಗೆ ಬಂದ ಉಲಿ ಅಷ್ಟೇ. ಇದನ್ನು ಏನೋ ದೊಡ್ಡ ಪ್ರಯೋಗ ಅಂತ ಬರೆಯುವವರಿದ್ದಾರೆ. ‘ತಂದಾನಿ ತಾನೋ’ ಕೇಳಿ ಬೆಳೆದವರಿಗೆ, ತಿಲ್ಲಾನ ಕೇಳಿದವರಿಗೆ ಅಷ್ಟೇನೂ ಆಶ್ಚರ್ಯ ಆಗೋದಿಲ್ಲ, ಅಲ್ವಾ?

ಹಾಡಿನ ಅರ್ಧ ದಾಟಿ ಡ್ರಮ್ಮು ಏರತೊಡಗಿತು. ಮಾವನ ಬೆರಳು ಕುರ್ಚಿಯ ಕೈಯ ಮೇಲೆ ಬಡಿಯೋಕೆ ಶುರು. ‘ಈಗ ಏರು ಪದ್ಯಕ್ಕೆ ಬಂತು ನೋಡು’ ಅಂದರು. ಯುದ್ಧದ ಸನ್ನಿವೇಶದಲ್ಲಿ ಭಾಗವತರು ಚಂಡೆ ಜೊತೆ ಎತ್ತಿ ಹಾಡ್ತಾರಲ್ಲ, ಅದು ಏರು ಪದ್ಯ. ಪೋಸ್ಟ್ ರಾಕ್ ಬಗ್ಗೆ ಬರೆಯುವವರು ಮಾತಿಗೆ ಮುಂಚೆ ‘ಕ್ರೆಸೆಂಡೋ’ ಅನ್ನುತ್ತಾರೆ. ಮೆಲ್ಲಗೆ ಶುರುವಾಗಿ ಕೊನೆಗೆ ಮನೆಯ ಹೆಂಚು ಹಾರುವಷ್ಟು ಜೋರಾಗೋದು. ‘ಏರು’ ಅಂದರೆ ಸಾಕು. ಎರಡು ಅಕ್ಷರ, ನಾಮಪದವೂ ಹೌದು, ಕ್ರಿಯಾಪದವೂ ಹೌದು. ಈ ಒಂದು ಪದದ ಮಟ್ಟಿಗೆ ನಾನು ಇನ್ನು ಚರ್ಚೆಗೆ ಬರೋದಿಲ್ಲ, ತೀರ್ಮಾನ ಆಯಿತು.

ಈಗ ರಿವರ್ಬ್. ನಿಘಂಟಿನಲ್ಲಿ ‘ಅನುರಣನ’ ಇದೆ. ಚೆಂದದ ಪದ, ಆದರೆ ಮೈಕ್ ಸೆಟ್ಟಿನ ಹುಡುಗನಿಗೆ ‘ಸ್ವಲ್ಪ ಅನುರಣನ ಕಮ್ಮಿ ಮಾಡಪ್ಪ’ ಅಂದರೆ ಅವನು ಯಾವ ಗುಂಡಿ ತಿರುಗಿಸಬೇಕು? ಹಲವರು ‘ಪ್ರತಿಧ್ವನಿ’ ಅನ್ನುತ್ತಾರೆ. ಅದು ತಪ್ಪು. ವಿಜಯಪುರದ ಗೋಳಗುಮ್ಮಟದ ಮೇಲೆ ನಿಂತು ಚಪ್ಪಾಳೆ ತಟ್ಟಿ. ಒಂದು, ಎರಡು, ಮೂರು ಅಂತ ಎಣಿಸಬಹುದು. ಎಣಿಸೋಕೆ ಬಂದರೆ ಅದು ಮಾರ್ದನಿ. ಗಿಟಾರಿನವರು ‘ಡಿಲೇ’ ಅನ್ನೋದು ಇದಕ್ಕೇ. ಈಗ ಸಾಮಾನೆಲ್ಲ ಖಾಲಿ ಮಾಡಿದ ಬಾಡಿಗೆ ಮನೆಯೊಳಗೆ ನಿಂತು ಚಪ್ಪಾಳೆ ತಟ್ಟಿ. ಎಣಿಸೋಕೆ ಆಗೋದಿಲ್ಲ. ಎಲ್ಲ ಒಂದರೊಳಗೊಂದು ಸೇರಿ ‘ಗುಂಯ್’ ಅನ್ನುತ್ತೆ. ಅದು ರಿವರ್ಬ್. ‘ಮನೆ ಗುಂಯ್‌ಗುಡುತ್ತೆ’ ಅಂತ ನಮ್ಮಮ್ಮ ಅನ್ನುತ್ತಿದ್ದರು. ಹಾಗಾಗಿ ಡಿಲೇಗೆ ಮಾರ್ದನಿ, ರಿವರ್ಬ್‌ಗೆ ಗುಂಯ್. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಸಿಗಲಿಕ್ಕಿಲ್ಲ. ಮೈಕ್ ಸೆಟ್ಟಿನ ಹುಡುಗನಿಗೆ ಮಾತ್ರ ಗ್ಯಾರಂಟಿ ಅರ್ಥ ಆಗುತ್ತೆ.

ಪೋಸ್ಟ್ ರಾಕ್ ಅನ್ನೋ ಹೆಸರಿಗೆ ಬರೋಣ. ‘ರಾಕೋತ್ತರ’ ಅಂತ ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಸ್ನಾತಕ ಅಕಾರದಲ್ಲಿ ಮುಗಿಯುತ್ತೆ, ಸ್ನಾತಕೋತ್ತರ ಸರಿ. ರಾಕ್ ಕನ್ನಡದ ಬಾಯಲ್ಲಿ ರಾಕು ಆಗುತ್ತೆ, ‘ಓ’ ಎಲ್ಲಿಂದ ಬರಬೇಕು? ‘ವಸಾಹತೋತ್ತರ’ಕ್ಕೂ ಇದೇ ತಕರಾರು ಇದೆ. ಆದರೆ ಅದು ಪುಸ್ತಕಗಳಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ ಇನ್ನು ಎಬ್ಬಿಸೋಕೆ ಆಗೋದಿಲ್ಲ. ಸಂಧಿ ಬಿಡಿ, ಅರ್ಥವೇ ಕೂಡೋದಿಲ್ಲ. ಈ ಪದವನ್ನು ಚಾಲ್ತಿಗೆ ತಂದವರು ಇಂಗ್ಲೆಂಡಿನ ವಿಮರ್ಶಕ ಸೈಮನ್ ರೆನಾಲ್ಡ್ಸ್, 1994ರಲ್ಲಿ. ರಾಕ್ ಮುಗಿದ ಮೇಲೆ ಬಂದದ್ದು ಅಂತ ಅವರ ಮಾತಲ್ಲ. ರಾಕ್‌ನ ವಾದ್ಯಗಳನ್ನೇ ಇಟ್ಟುಕೊಂಡು ರಾಕ್ ಅಲ್ಲದ ಕೆಲಸ ಮಾಡೋದು, ಗಿಟಾರನ್ನು ನಾದದ ಬಣ್ಣಕ್ಕೆ ಬಳಸೋದು ಅಂತ. ‘ಉತ್ತರ’ಕ್ಕಿಂತ ‘ಮೀರು’ ಹತ್ತಿರ. ಆದರೂ ನನ್ನ ಮತ ಕೇಳಿದರೆ ಪೋಸ್ಟ್ ರಾಕ್ ಅಂತಲೇ ಇರಲಿ. ಖಯಾಲ್, ಠುಮ್ರಿ ಅಂತ ಹಾಗೇ ಇಟ್ಟುಕೊಂಡಿಲ್ಲವೇ? ಹೆಸರನ್ನು ಅನುವಾದ ಮಾಡಬೇಕಿಲ್ಲ. ಅದು ಹೇಗಿದೆ ಅಂತ ಹೇಳೋ ಮಾತು ಮಾತ್ರ ನಮ್ಮದಾಗಿರಬೇಕು.

ಐಸ್‌ಲ್ಯಾಂಡಿನವರು ನನ್ನ ಈ ಸೋಮಾರಿತನ ಒಪ್ಪಲಿಕ್ಕಿಲ್ಲ. ಟೆಲಿಫೋನಿಗೆ ಅವರು ‘ಸೀಮಿ’ ಅನ್ನುತ್ತಾರೆ, ಅದು ದಾರ ಅನ್ನೋ ಅರ್ಥದ ಹಳೆಯ ಪದ. ಕಂಪ್ಯೂಟರಿಗೆ 1960ರ ದಶಕದಲ್ಲಿ ‘ತಲ್ವ’ ಅನ್ನೋದಕ್ಕೆ ಹತ್ತಿರದ ಉಚ್ಚಾರದ ಪದ ಕಟ್ಟಿದರು. ಸಂಖ್ಯೆ ಮತ್ತು ಕಣಿ ಹೇಳುವ ಹೆಂಗಸು, ಈ ಎರಡು ಪದ ಬೆಸೆದು! ಕೊರವಂಜಿ ಲೆಕ್ಕ ಮಾಡುತ್ತಾ ಕೂತ ಹಾಗೆ. ಗಣಕಯಂತ್ರ ಕಟ್ಟಿದವರಿಗೆ ಈ ಪೋಕರಿತನ ಇರಲಿಲ್ಲ.

ಕೊನೆಗೆ, ‘ಇದರಂಥದ್ದೇ ಬೇರೆ ಯಾವುದು?’ ಅನ್ನೋ ಪ್ರಶ್ನೆ. ಒಂದು ಬ್ಯಾಂಡು ಹಿಡಿಸಿದರೆ ಎಲ್ಲರೂ ಮೊದಲು ಕೇಳೋದು ಇದನ್ನೇ. ಹಳೇ ನಾಟಕದ ಹಾಡಿನ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಧಾಟಿ’ ಅಂತ ಬರೆದು ಇನ್ನೊಂದು ಹಾಡಿನ ಹೆಸರು ಹಾಕಿರುತ್ತಿದ್ದರು. ಆದರೆ ಧಾಟಿ ಅಂದರೆ ಮಟ್ಟು. ಪೋಸ್ಟ್ ರಾಕ್ ಬ್ಯಾಂಡುಗಳು ಒಂದೇ ಮಟ್ಟು ಹಾಡೋದಿಲ್ಲ, ಹೋಲಿಕೆ ಇರೋದು ಬಣ್ಣದಲ್ಲಿ. ಧಾರವಾಡದ ಗೆಳತಿಯೊಬ್ಬಳು ಪಟ್ಟಿ ಕೇಳಿದಳು. ನಾನು ಒಂದೊಂದು ಬ್ಯಾಂಡಿಗೂ ಒಂದೊಂದು ಕ್ರಿಯಾಪದ ಹಾಕಿ ಕಳಿಸಿದೆ. ಗ್ಲಾಸ್ಗೋದ ಮೊಗ್ವಾಯ್ ಕವಿಯೋದಿಲ್ಲ, ಎರಗುತ್ತೆ. ನಿಮಿಷಗಟ್ಟಲೆ ಪಿಸುಗುಟ್ಟಿ ಹಠಾತ್ತನೆ ಮೇಲೆ ಬೀಳುತ್ತೆ. ಅವರನ್ನು ಕೇಳುವಾಗ ವಾಲ್ಯೂಮ್ ಗುಂಡಿಯ ಮೇಲೆ ಕೈ ಇರಲಿ. ಮಾಂಟ್ರಿಯಲ್‌ನ ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್ ಕುದಿಯುತ್ತೆ. ಅವರ 2000ದ ಜೋಡಿ ಆಲ್ಬಮ್ಮಿನಲ್ಲಿ ಇರೋದು ನಾಲ್ಕೇ ಹಾಡು, ಒಂದೊಂದೂ 20 ನಿಮಿಷದ ಆಸುಪಾಸು. ಪಿಟೀಲು, ಗಿಟಾರು, ಯಾರದೋ ಟೇಪಿನ ದನಿ ಎಲ್ಲ ಒಂದೇ ಹಂಡೆಯಲ್ಲಿ. ಟೆಕ್ಸಸ್‌ನ ಎಕ್ಸ್‌ಪ್ಲೋಶನ್ಸ್ ಇನ್ ದ ಸ್ಕೈ ತುಳುಕುತ್ತೆ. ನನಗೆ ಕೆಲವೊಮ್ಮೆ ಜಾಸ್ತಿಯೇ ತುಳುಕಿತು ಅನಿಸುತ್ತೆ. 1988ರಲ್ಲಿ, ಈ ಹೆಸರು ಓಡಾಡುವ ಮುಂಚೆಯೇ, ಟಾಕ್ ಟಾಕ್ ಎಂಬ ಇಂಗ್ಲಿಷ್ ಬ್ಯಾಂಡು ಮಾಡಿದ ಆಲ್ಬಮ್ ಇದೆ. ಅದು ಸುಳಿಯುತ್ತೆ. ಬೆಂಗಳೂರಿನವರೇ ಆದ ಅಂಟಿಲ್ ವೀ ಲಾಸ್ಟ್ ಅನ್ನೂ ಸೇರಿಸಿದೆ. ಗೆಳತಿ ‘ಸುಳಿಯೋದು’ ಮೊದಲು ಕೇಳಿದಳಂತೆ. ಸಂಗೀತದ ಜಾತಿ, ಉಪಜಾತಿ ಹೆಸರು ಬರೆದು ಕಳಿಸಿದ್ದರೆ ಬಹುಶಃ ತೆರೆದೂ ನೋಡುತ್ತಿರಲಿಲ್ಲ.

ಈಗ ನನ್ನ ತೊಡಕು. ‘ಕವಿಯುವ ಸಂಗೀತ’ ಅಂತ ಗಟ್ಟಿ ಮಾಡೋಣ ಅಂದುಕೊಂಡೆ. (ಸಮಾಸ ಮಾಡಿ ‘ಕವಿಸಂಗೀತ’ ಅಂದರೆ ಕವಿಗೋಷ್ಠಿ ಶುರುವಾಗುತ್ತೆ, ಬೇಡ.) ಆದರೆ ಕನ್ನಡದಲ್ಲಿ ಕವಿಯೋದೆಲ್ಲ ಕತ್ತಲು, ಮಂಕು, ದುಃಖ. ‘ಖುಷಿ ಕವಿಯಿತು’ ಅಂತ ಯಾರೂ ಅನ್ನೋದಿಲ್ಲ. ನೀರುಗುಂಡಿಗೆ ಹಾರೋ ಹಾಡನ್ನು ಏನು ಮಾಡೋಣ? ‘ಆವರಿಸು’ಗೆ ಆ ತೊಂದರೆ ಇಲ್ಲ, ಆದರೆ ಅದು ಸ್ವಲ್ಪ ಇಸ್ತ್ರಿ ಮಾಡಿದ ಪದ. ‘ಗುಂಗು’ ಒಳ್ಳೆಯ ಪದವೇ, ಆದರೆ ಅದು ಹಾಡು ಮುಗಿದ ಮೇಲೆ ಉಳಿಯೋದು.

ಮಾವ ಮಾತ್ರ ಹಾಡು ಮುಗಿದ ಮೇಲೆ ಹೆಡ್‌ಫೋನ್ ಕೈಗೆ ಕೊಟ್ಟು, ‘ಇದು ಕೂತ್ಕಂಡು ಕೇಳುದಲ್ಲ ಮಾರಾಯ, ಹೊದ್ಕಂಡು ಕೇಳುದು’ ಅಂದು ಮಲಗೋಕೆ ಹೋದರು. ಅವತ್ತಿನಿಂದ ‘ಹೊದೆ’ ಕೂಡ ತಲೆಯಲ್ಲಿ ಕೊರೆಯುತ್ತಿದೆ. ಮಂಜು ತಾನೇ ಬಂದು ಕವಿಯುತ್ತೆ, ಕಂಬಳಿಯನ್ನು ನಾವೇ ಎಳೆದುಕೊಳ್ಳುತ್ತೇವೆ.

ನಿಮ್ಮ ಕಡೆ ಸದ್ದಿಗೋ ಹಾಡಿಗೋ ‘ಹೊದೆ’ ಬಳಸೋದನ್ನು ಯಾರಾದರೂ ಕೇಳಿದ್ದೀರಾ? ಒಳ್ಳೆಯದು ಏನಾದರೂ ‘ಕವಿಯೋ’ ಊರು ಎಲ್ಲಾದರೂ ಇದೆಯಾ? ಮಲೆನಾಡಿನವರು, ಕೊಡಗಿನವರು ದಯವಿಟ್ಟು ಬೇಗ ಬರೆಯಿರಿ. ಮಂಜಿನ ವಿಷಯದಲ್ಲಿ ನಿಮ್ಮ ಹತ್ತಿರ ನಮಗಿಂತ ಜಾಸ್ತಿ ಪದ ಇರಬೇಕು.