ಎಚೆವೇರಿಯಾ ಯಾಕೆ ಕೊಳೆಯುತ್ತದೆ? ಗುಲಾಬಿ ಆಕಾರದ ಸಕ್ಯುಲೆಂಟ್‌ಗಳ ಪ್ರಶ್ನೋತ್ತರ

ಈ ವಾರ ನಮ್ಮ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸಿದವರು ಬೆಂಗಳೂರಿನಲ್ಲಿ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ) ನರ್ಸರಿ ನಡೆಸುವ ಸದಸ್ಯೆ.

ಪ್ರಶ್ನೆ (ರಾಜಾಜಿನಗರ, ಬೆಂಗಳೂರು): ಮೇಡಂ, ನಮಸ್ತೆ. ಎಚೆವೇರಿಯಾ ತಂದು ಎರಡು ತಿಂಗಳಾಯಿತು. ಚಂದದ ಪಿಂಗಾಣಿ ಕಪ್‌ನಲ್ಲಿ ನೆಟ್ಟಿದ್ದೇನೆ. ಕಪ್‌ಗೆ ತೂತಿಲ್ಲ, ಅದಕ್ಕೇ ಅಡಿಯಲ್ಲಿ ಜಲ್ಲಿ ಹಾಕಿದ್ದೇನೆ. ವಾರಕ್ಕೊಮ್ಮೆ ಎರಡೇ ಚಮಚ ನೀರು. ಆದರೂ ಕೆಳಗಿನ ಎಲೆಗಳು ಹಳದಿಯಾಗಿ, ನೀರು ತುಂಬಿಕೊಂಡ ಹಾಗೆ ಮೆತ್ತಗಾಗಿ ಉದುರುತ್ತಿವೆ. ಇಷ್ಟು ಕಡಿಮೆ ನೀರಿಗೂ ಕೊಳೆಯುತ್ತಾ?

ಉತ್ತರ: ಕೊಳೆಯುತ್ತದೆ ಮೇಡಂ. ತೊಂದರೆ ನೀರಿನ ಅಳತೆಯಲ್ಲಿ ಇಲ್ಲ, ಕಪ್‌ನಲ್ಲಿದೆ. ಅಡಿಯಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಆಗುವುದು ಬೇರೆ. ಸಣ್ಣ ಕಣದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗಿನ ದೊಡ್ಡ ಸಂದುಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಜಲ್ಲಿಯ ಮೇಲಿನ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಬೇರು ಇರುವುದು ಅಲ್ಲೇ ಅಲ್ವಾ? ಜಲ್ಲಿ ಹಾಕಿದ್ದರಿಂದ ಒದ್ದೆ ಮಣ್ಣು ಬೇರಿಗೆ ಇನ್ನೂ ಹತ್ತಿರ ಬಂತು, ಅಷ್ಟೇ. ಹಾಗೆ ಸೋರಿ ಕೆಳಗಿಳಿದ ಸ್ವಲ್ಪ ನೀರಿಗೂ ತೂತಿಲ್ಲದ ಕಪ್‌ನಿಂದ ಹೊರಗೆ ದಾರಿಯಿಲ್ಲ.

ಇನ್ನೊಂದು ವಿಷಯ. ನರ್ಸರಿ ಗಿಡಗಳು ಹೆಚ್ಚಾಗಿ ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಬರುತ್ತವೆ. ಪಾಲಿಹೌಸ್‌ನಲ್ಲಿ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಗಿಡಮನೆ) ಗಾಳಿ, ಬೆಳಕು, ನೀರು ಎಲ್ಲವೂ ಹಿಡಿತದಲ್ಲಿ ಇರುವುದರಿಂದ ಅಲ್ಲಿ ಅದು ನಡೆಯುತ್ತದೆ. ಮನೆಯಲ್ಲಿ ಆ ಉಂಡೆ ಮೇಲೆ ಒಣಗಿದ್ದರೂ ಒಳಗೆ ಒದ್ದೆ ಇರುತ್ತದೆ. ಗಿಡ ತಂದ ಮೇಲೆ ಆ ಉಂಡೆಯನ್ನು ಬಿಡಿಸಿ, ಬೇರು ಒಣಗಿಸಿ, ಬೇರೆ ಮಿಶ್ರಣಕ್ಕೆ ಹಾಕಿ.

ನಾನು ಬಳಸುವ ಮಿಶ್ರಣ ಸುಲಭದ್ದು: ಎರಡು ಪಾಲು ಒರಟು ಚೂರು, ಕೆಮ್ಮಣ್ಣು ಮತ್ತು ಚೆನ್ನಾಗಿ ಕಳಿತ ಕಾಂಪೋಸ್ಟ್ ಎರಡೂ ಸೇರಿ ಒಂದು ಪಾಲು. ಒರಟು ಚೂರು ಎಂದರೆ 3ರಿಂದ 6 ಮಿ.ಮೀ. ಗಾತ್ರದ ಇಟ್ಟಿಗೆ ಚೂರು, ಸಣ್ಣ ಜಲ್ಲಿ, ಸಿಕ್ಕರೆ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು). ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಹಾಕುವುದಾದರೆ ಜರಡಿ ಹಿಡಿದು, ತೊಳೆದು, ಪುಡಿ ಪೂರ್ತಿ ತೆಗೆಯಿರಿ. ಆ ಪುಡಿ ಉಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿಯೇ ಸಿಗುವುದಿಲ್ಲ. ಕುಂಡ ಮಣ್ಣಿನದ್ದೇ ಇರಲಿ, ತೂತು ಇರಲೇಬೇಕು. ಗಿಡದ ಅಗಲಕ್ಕಿಂತ ಒಂದಿಂಚು ದೊಡ್ಡದಾದರೆ ಸಾಕು.

ರಾಜಾಜಿನಗರದ ಅದೇ ಸದಸ್ಯೆ: ಕಿತ್ತು ನೋಡಿದೆ ಮೇಡಂ. ಬೇರು ಹೋಗಿದೆ, ಕಾಂಡದ ತುದಿ ಕಂದು ಬಣ್ಣಕ್ಕೆ ತಿರುಗಿದೆ. ಎಸೆಯಬೇಕಾ?

ಉತ್ತರ: ಬೇಡ ಬೇಡ. ಚೂಪಾದ ಬ್ಲೇಡಿನಿಂದ ಕಾಂಡವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಮೇಲೆ ಹೋಗಿ. ಕತ್ತರಿಸಿದ ಜಾಗದಲ್ಲಿ ಒಂದು ಕಂದು ಚುಕ್ಕೆಯೂ ಇರಬಾರದು, ಪೂರ್ತಿ ಹಸಿರು-ಬಿಳಿ ಕಾಣಬೇಕು. ಪ್ರತಿ ಸಲ ಬ್ಲೇಡ್ ಒರೆಸಿಕೊಳ್ಳಿ. ಉಳಿದ ತಲೆಯನ್ನು ನೆರಳಿನಲ್ಲಿ ಐದಾರು ದಿನ ಸುಮ್ನೆ ಇಟ್ಟುಬಿಡಿ. ಗಾಯ ಒಣಗಿದ ಮೇಲೆ ಒಣ ಮಿಶ್ರಣದ ಮೇಲೆ ಕೂರಿಸಿ. ಬೇರು ಬರುವ ತನಕ ನೀರು ಬೇಡ, ಎಲೆಯಲ್ಲೇ ದಾಸ್ತಾನು ಇರುತ್ತದೆ. ಬುಡದಿಂದ ಪೂರ್ತಿಯಾಗಿ ಬಿಡಿಸಿಕೊಂಡು ಬಂದ ಗಟ್ಟಿ ಎಲೆಗಳಿದ್ದರೆ ಅವನ್ನೂ ಒಣಮಣ್ಣಿನ ಮೇಲೆ ಹರಡಿ. ಕೆಲವಾದರೂ ಮರಿ ಬಿಡುತ್ತವೆ.

ಪ್ರಶ್ನೆ (ಮೈಸೂರು): ಹಾಗಾದರೆ ನೀರು ಎಷ್ಟು ದಿನಕ್ಕೊಮ್ಮೆ ಹಾಕಬೇಕು ಮೇಡಂ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ದಿನದ ಲೆಕ್ಕ ಬಿಡಿ ಸರ್. ಕುಂಡ ಎತ್ತಿ ನೋಡಿ, ಹಗುರವಾಗಿದ್ದರೆ ಒಣಗಿದೆ. ಅನುಮಾನ ಇದ್ದರೆ ಬಿದಿರು ಕಡ್ಡಿ ಚುಚ್ಚಿ ತೆಗೆಯಿರಿ, ಕಡ್ಡಿ ಒಣಗಿಯೇ ಬರಬೇಕು. ಪೂರ್ತಿ ಒಣಗಿದ ಮೇಲೆ ಅಡಿಯ ತೂತಿನಿಂದ ಹರಿಯುವಷ್ಟು ಹಾಕಿ. ಚಮಚದ ಲೆಕ್ಕದಲ್ಲಿ ಹಾಕಿದರೆ ಕೆಳಗಿನ ಬೇರಿಗೆ ಮುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ವಾರ, ಹತ್ತು ದಿನ ಆಗಬಹುದು. ಮೋಡ ಕವಿದ ಜುಲೈನಲ್ಲಿ ಮೂರು ವಾರವೂ ಆಗಬಹುದು.

ಒಂದು ಎಚ್ಚರಿಕೆ. ಎಲೆ ಸುಕ್ಕುಗಟ್ಟಿದ ಕೂಡಲೇ ಬಾಯಾರಿಕೆ ಎಂದುಕೊಳ್ಳಬೇಡಿ. ಬೇರು ಕೊಳೆತ ಗಿಡವೂ ನೀರು ಕುಡಿಯಲಾಗದೆ ಸುಕ್ಕಾಗುತ್ತದೆ. ಅದಕ್ಕೆ ಮತ್ತೆ ನೀರು ಹಾಕಿದರೆ ಮುಗಿಯಿತು. ಮಣ್ಣು ಒದ್ದೆ ಇದ್ದೂ ಎಲೆ ಸುಕ್ಕಾಗಿದ್ದರೆ ಮೊದಲು ಗಿಡ ಕಿತ್ತು ಬೇರು ನೋಡಿ.

ಪ್ರಶ್ನೆ (ಮಂಗಳೂರು): ಮೇಡಂ, ನಮ್ಮಲ್ಲಿ ಮಳೆಗಾಲ ಬಂತೆಂದರೆ ಎಚೆವೇರಿಯಾ ಒಂದೂ ಉಳಿಯುವುದಿಲ್ಲ. ಸಿಟ್‌ಔಟ್ ಒಳಗೇ ಇಟ್ಟಿದ್ದರೂ ಹೋಗುತ್ತವೆ. ಬೆಂಗಳೂರಿನ ನನ್ನ ತಂಗಿ ಮನೆಯಲ್ಲಿ ಮಾತ್ರ ಚೆನ್ನಾಗಿವೆ.

ಉತ್ತರ: ಇದು ನನಗೆ ತುಂಬಾ ಮುಖ್ಯ ಅನಿಸುವ ಪ್ರಶ್ನೆ. ಕರಾವಳಿಯ ಎಷ್ಟೋ ಜನ ತಮ್ಮ ಕೈಗುಣ ಸರಿಯಿಲ್ಲ ಎಂದುಕೊಂಡು ಗಿಡ ಬೆಳೆಸುವುದನ್ನೇ ಬಿಟ್ಟಿದ್ದಾರೆ. ಕೈಗುಣದ ಮಾತೇ ಅಲ್ಲ. ಎಚೆವೇರಿಯಾದ ಹೆಚ್ಚಿನ ಜಾತಿಗಳು ಮೆಕ್ಸಿಕೋದ ಎತ್ತರದ ಬೆಟ್ಟಗಳವು. ಹಗಲು ಬಿಸಿಲು, ರಾತ್ರಿ ಚಳಿ. ಈ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ನೀರು ಉಳಿಸುವ ಉಪಾಯ ಅದು. ರಾತ್ರಿ ತಂಪಾಗಿದ್ದರೆ ಅದು ಚೆನ್ನಾಗಿ ನಡೆಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ರಾತ್ರಿ ತಂಪು. ನಿಮ್ಮಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ತೇವ, ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ. ಸೂರಿನಡಿ ಇಟ್ಟರೂ ಆ ತೇವದಲ್ಲಿ ಮಣ್ಣು ಒಣಗುವುದೇ ಇಲ್ಲ, ಬೂಷ್ಟು ಬೇಗ ಹಿಡಿಯುತ್ತದೆ.

ನೀವು ಹಾವೊರ್ತಿಯಾ ಬೆಳೆಸಿ. ದಕ್ಷಿಣ ಆಫ್ರಿಕಾದ ಗಿಡ, ಪೊದೆಗಳ ನೆರಳಿನಲ್ಲಿ ಬೆಳೆದು ರೂಢಿ. ಕಿಟಕಿಯ ಬೆಳಕು ಸಾಕು. ಅದೂ ಸುಂದರವಾದ ಸುತ್ತೆಲೆಯ ಗಿಡವೇ. ಗ್ರಾಪ್ಟೊಪೆಟಲಂ ಪರಾಗ್ವಾಯೆನ್ಸೆ ಕೂಡ ಗಟ್ಟಿ ಜೀವ. ಹೆಸರಲ್ಲಿ ಪರಾಗ್ವೆ ಇದ್ದರೂ ಅದರ ಊರು ಮೆಕ್ಸಿಕೋನೇ. ಮಳೆ ಬೀಳದ, ಗಾಳಿಯಾಡುವ ಜಾಗ ಕೊಡಿ. ಆನ್‌ಲೈನ್‌ನಲ್ಲಿ ಸೆಂಪರ್ವೈವಂ ನೋಡಿ ಆಸೆಪಡಬೇಡಿ. ಅದು ಯುರೋಪಿನ ಬೆಟ್ಟಗಳದ್ದು, ಹಿಮ ತಡೆಯುತ್ತದೆ, ನಮ್ಮ ಸೆಕೆ ತಡೆಯುವುದಿಲ್ಲ. ಬೆಂಗಳೂರಿನಲ್ಲೇ ಅದು ಕಷ್ಟಪಡುತ್ತದೆ.

ಪ್ರಶ್ನೆ (ಹೆಬ್ಬಾಳ, ಬೆಂಗಳೂರು): ನನ್ನ ಗಿಡ ಉದ್ದಕ್ಕೆ ಬೆಳೆದು ಎಲೆಗಳು ದೂರ ದೂರ ಆಗಿವೆ. ಗೊಬ್ಬರ ಕಡಿಮೆ ಆಯಿತಾ?

ಉತ್ತರ: ಬೆಳಕು ಕಡಿಮೆ ಆಗಿದೆ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಕಾಲ ಬೇಕು. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ, ಎರಡು ವಾರದಲ್ಲಿ ನಿಧಾನವಾಗಿ ರೂಢಿ ಮಾಡಿಸಿ. ಉದ್ದವಾದ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ. ತಲೆ ಕತ್ತರಿಸಿ ಮೇಲೆ ಹೇಳಿದ ಹಾಗೆ ನೆಡಿ. ಉಳಿದ ಮೋಟು ಕಾಂಡವನ್ನು ಬಿಸಾಡಬೇಡಿ, ಅದರಲ್ಲೂ ಮರಿ ಬರುತ್ತದೆ.

ಪ್ರಶ್ನೆ (ಬಳ್ಳಾರಿ): ನಮಸ್ಕಾರ್ರಿ ಮೇಡಂ. ಮನೆ ಮುಂದೆ ಸ್ವಲ್ಪ ಜಾಗ ಇದೆ. ಎರೆ ಮಣ್ಣು, ನೀರು ಕಡಿಮೆ, ಬಿಸಿಲು ನಿಮಗೆ ಗೊತ್ತಲ್ಲ. ಹುಲ್ಲು ತೆಗೆದು ಡ್ರೈ ಗಾರ್ಡನ್ ಮಾಡಬೇಕು ಅಂತಿದ್ದೀನಿ. ಏನು ಹಾಕಲಿ?

ಉತ್ತರ: ಒಳ್ಳೆಯ ಯೋಚನೆ ಸರ್. ನಿಮ್ಮಲ್ಲಿ ಬಿಸಿಲಿಗಿಂತ ಎರೆ ಮಣ್ಣೇ ತೊಂದರೆ ಕೊಡುವುದು. ಮಳೆ ಬಂದಾಗ ನೀರು ಹಿಡಿದು ಅಂಟಾಗುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅಗೆದು ಗುಂಡಿ ಮಾಡಿ ಮರಳು ತುಂಬಬೇಡಿ, ಆ ಗುಂಡಿ ಮಳೆಗಾಲದಲ್ಲಿ ನೀರಿನ ತೊಟ್ಟಿಯಾಗುತ್ತದೆ. ನೆಲದ ಮೇಲೆಯೇ ಒಂದೂವರೆ ಅಡಿ ದಿಬ್ಬ ಕಟ್ಟಿ. ಕೆಮ್ಮಣ್ಣು, ಜಲ್ಲಿ, ಇಟ್ಟಿಗೆ ಚೂರು ಬೆರೆಸಿ, ಅಂಚಿಗೆ ದಪ್ಪ ಕಲ್ಲು ಕೊಡಿ.

ಗಿಡ ಎಂದರೆ ಕತ್ತಾಳೆ (ಅಗಾವೆ) ಜಾತಿಯೇ. ನಮ್ಮ ಹೊಲದ ಬದುಗಳಲ್ಲಿ ಬೇಲಿಯಾಗಿ, ಹಗ್ಗದ ನಾರಾಗಿ ಬದುಕಿದ ಗಿಡ ಅದು. ಅದರ ತವರೂ ಅಮೆರಿಕ ಖಂಡವೇ. ಆದರೆ ದೊಡ್ಡ ಕತ್ತಾಳೆ ಐದಾರು ಅಡಿ ಅಗಲ ಹರಡುತ್ತದೆ, ತುದಿಯಲ್ಲಿ ಸೂಜಿಯಂಥ ಮುಳ್ಳು. ಮಕ್ಕಳು ಓಡಾಡುವ ದಾರಿ ಪಕ್ಕ ಅದು ಖಂಡಿತ ಬೇಡ. ಅಲ್ಲಿಗೆ ಮುಳ್ಳಿಲ್ಲದ ಅಗಾವೆ ಅಟೆನ್ಯುಯೇಟಾ ಹಾಕಿ, ಮಧ್ಯಾಹ್ನದ ನಂತರ ಸ್ವಲ್ಪ ನೆರಳು ಬೀಳುವ ಹಾಗೆ ನೋಡಿಕೊಳ್ಳಿ. ಜಾಗ ಕಡಿಮೆ ಇದ್ದರೆ ಅಗಾವೆ ವಿಕ್ಟೋರಿಯೇ-ರೆಜಿನೇ ಚಿಕ್ಕದಾಗಿ, ಅಚ್ಚುಕಟ್ಟಾಗಿ ಇರುತ್ತದೆ, ಬೆಳವಣಿಗೆ ನಿಧಾನ. ಎಲೆ ಕತ್ತರಿಸುವಾಗ ಕೈಗವಸು ಹಾಕಿ, ರಸ ತಾಗಿದರೆ ತುರಿಕೆ ಬರುತ್ತದೆ. ಮೊದಲ ವರ್ಷ ಬೇಸಿಗೆಯಲ್ಲಿ ನೀರು ಕೊಡಿ. ಬೇರು ಊರಿದ ಮೇಲೆ ಅಪರೂಪಕ್ಕೆ ಕೊಟ್ಟರೆ ಸಾಕು.

ಪ್ರಶ್ನೆ (ಧಾರವಾಡ): ಹೂವಿನ ಕಡ್ಡಿ ಬಂದರೆ ಗಿಡ ಸಾಯುತ್ತದೆ ಅಂತಾರೆ, ನಿಜಾನಾ? ನನ್ನ ಎಚೆವೇರಿಯಾದಲ್ಲಿ ಬಂದಿದೆ, ಕಿತ್ತು ಹಾಕಲಾ?

ಉತ್ತರ: ಎಚೆವೇರಿಯಾ ಸಾಯುವುದಿಲ್ಲ, ನೆಮ್ಮದಿಯಾಗಿ ಹೂವು ನೋಡಿ. ಆದರೆ ಕತ್ತಾಳೆಯಲ್ಲಿ ಹೂ ಬಿಟ್ಟ ತಾಯಿಗಿಡ ಹೋಗುತ್ತದೆ. ಸಾಮಾನ್ಯವಾಗಿ ಬುಡದ ಸುತ್ತ ಮರಿ ಬಿಟ್ಟು ಹೋಗುತ್ತದೆ.

ಪ್ರಶ್ನೆ (ಹಾಸನ): ಎಲೆ ಮೇಲೆ ಬಿಳಿ ಪುಡಿ ಇದೆ. ಒರೆಸಿಬಿಡಲಾ?

ಉತ್ತರ: ಪುಡಿ ಎಲೆಯ ತುಂಬ ಒಂದೇ ಸಮ ತೆಳ್ಳಗೆ ಹರಡಿದ್ದರೆ ಅದು ಗಿಡದ್ದೇ ಮೇಣ, ಬಿಸಿಲಿನಿಂದ ಕಾಪಾಡುವುದು ಅದೇ. ಮುಟ್ಟಬೇಡಿ, ಒರೆಸಿದ ಎಲೆಯಲ್ಲಿ ಮೊದಲಿನ ಹಾಗೆ ಮತ್ತೆ ಬರುವುದಿಲ್ಲ. ಎಲೆ ಸಂದುಗಳಲ್ಲಿ ಹತ್ತಿಯ ಹಾಗೆ ಗಂಟುಗಂಟಾಗಿದ್ದರೆ ಅದು ಹಿಟ್ಟು ತಿಗಣೆ ಎಂಬ ರಸ ಹೀರುವ ಕೀಟ. ಶೇಕಡಾ 70ರ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಯರ್ ಬಡ್ ಅದ್ದಿ ಒಂದೊಂದನ್ನೇ ತೆಗೆಯಿರಿ, ವಾರ ಬಿಟ್ಟು ಮತ್ತೆ ನೋಡಿ. ಬೇವಿನೆಣ್ಣೆ ಸಿಂಪಡಿಸಿದರೆ ಮೇಣವೂ ಹೋಗುತ್ತದೆ, ಬಿಸಿಲಿಗೆ ಎಲೆಯೂ ಸುಡುತ್ತದೆ. ಆ ಕುಂಡವನ್ನು ಇವತ್ತೇ ಬೇರೆ ಗಿಡಗಳಿಂದ ದೂರ ಇಡಿ, ಬೇರಿನಲ್ಲೂ ತಿಗಣೆ ಇರಬಹುದು, ಕಿತ್ತು ನೋಡಿ.